ಯಂತ್ರಕ್ಕೆ ಮುನ್ನ ಐದು ಪ್ರಶ್ನೆಗಳು

ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿ ಸ್ಕೂಲ್ ಡಿಸ್ಟ್ರಿಕ್ಟ್ ಎಂದರೆ ನಮ್ಮ ಕಂದಾಯದ ಜಿಲ್ಲೆಯಲ್ಲ. ಒಂದು ಊರಿನವರೋ ನೆರೆಹೊರೆಯ ನಾಲ್ಕಾರು ಊರುಗಳವರೋ ಕೂಡಿ, ತಮ್ಮ ಮಕ್ಕಳ ವಿದ್ಯಾಭ್ಯಾಸವೊಂದನ್ನೇ ನೋಡಿಕೊಳ್ಳುವುದಕ್ಕೆಂದು ಏರ್ಪಡಿಸಿಕೊಂಡ, ಸಾಮಾನ್ಯವಾಗಿ ಚುನಾಯಿತ ಮಂಡಳಿಯುಳ್ಳ, ಮನೆ ಜಮೀನುಗಳ ಮೇಲಿನ ತೆರಿಗೆಯಿಂದ ಬಹುಮಟ್ಟಿಗೆ ನಡೆಯುವ ಸ್ಥಳೀಯ ಆಡಳಿತ ಅದು. 1940ರ ಸುಮಾರಿನಲ್ಲಿ ಇಂಥವು 1 ಲಕ್ಷ 17 ಸಾವಿರದಷ್ಟಿದ್ದುವು. ಒಂದರೊಡನೊಂದು ಸೇರಿಹೋಗಿ ಈಗ ಸುಮಾರು 13 ಸಾವಿರ ಉಳಿದಿವೆ. ಶಾಲೆಗೆ ಯಾವ ಹೊಸ ಉಪಕರಣ ಬರಬೇಕು, ಅದಕ್ಕೆ ಹಣವೆಷ್ಟು, ಅದನ್ನು ಬಳಸುವವರಾರು ಎಂಬುದನ್ನು ನಿರ್ಣಯಿಸುವ ಹೊಣೆ ಬಹುಕಾಲದಿಂದ ಈ ಮಂಡಳಿಗಳದು. ಆ ಹೊಣೆಯನ್ನು ಅವು ಹೊತ್ತ ವೃತ್ತಾಂತದಲ್ಲಿ, ಶಾಲೆಗೆ ಯಂತ್ರವನ್ನು ತರಬಯಸುವ ಯಾವ ದೇಶದವರಿಗೂ ಉಪಯುಕ್ತವಾದ ವಿವೇಕವುಂಟೆಂದು ನನ್ನ ನಂಬಿಕೆ.

ಆ ಶಾಲೆಗಳಿಗೆ ಬಂದ ಮೊದಲ ದೊಡ್ಡ ಸಾಧನ ಕರಿಹಲಗೆ. ಹತ್ತೊಂಬತ್ತನೆಯ ಶತಮಾನದ ಆದಿಭಾಗದಲ್ಲಿ ಅದು ಎಷ್ಟು ಹೊಸದಾಗಿತ್ತೆಂದರೆ, ಪ್ರಾಥಮಿಕ ಶಾಲೆಯಲ್ಲಿ ಅದನ್ನು ಬಳಸುವ ಕ್ರಮವನ್ನು ಉಪಾಧ್ಯಾಯರಿಗೆ ತಿಳಿಸುವುದಕ್ಕಾಗಿಯೇ ಜೋಸಾಯಾ ಬಮ್‌ಸ್ಟೆಡ್ ಎಂಬಾತ 1841ರಲ್ಲಿ ಒಂದು ಕೈಪಿಡಿಯನ್ನು ಪ್ರಕಟಿಸಿದ. ಒಬ್ಬೊಬ್ಬ ಹುಡುಗನ ಸ್ಲೇಟಿನ ಬಳಿಗೂ ಹೋಗಿ ಬಾಗಿ ತಿದ್ದುತ್ತಿದ್ದ ಉಪಾಧ್ಯಾಯರು ಗೋಡೆಯ ಬಳಿ ನಿಂತು ಒಂದು ಸಲ ಬರೆದರೆ ಕೊಠಡಿಗೆಲ್ಲ ಕಾಣುವಂತಾಯಿತು. ಸೀಮೆಸುಣ್ಣ ಸವೆದರೆ ಇನ್ನೊಂದು ತುಂಡು, ಬಣ್ಣ ಮಾಸಿದರೆ ಮತ್ತೊಂದು ಬಳಿತ. ಇವೆರಡಕ್ಕೂ ದೂರದ ಪರಿಣತನನ್ನು ಕಾಯಬೇಕಾಗಿರಲಿಲ್ಲ. ಹೀಗೆ ಸಂಪೂರ್ಣವಾಗಿ ಉಪಾಧ್ಯಾಯರ ಕೈವಶವಾಗಿದ್ದುದರಿಂದಲೇ ಅದು ತಲೆಮಾರುಗಳ ಕಾಲ ಶಾಲೆಯಲ್ಲಿ ನೆಲೆನಿಂತಿತು.

ಆಮೇಲೆ ಬಂದ ಸಾಧನಗಳ ಸೂತ್ರವಾದರೋ ಬೇರೆಯವರ ಕೈಯಲ್ಲಿತ್ತು. ಇನ್ನು ಹತ್ತು ವರ್ಷದೊಳಗೆ ಚಲಚ್ಚಿತ್ರದಿಂದ ಶಾಲೆಯ ಪದ್ಧತಿಯೇ ಬದಲಾಗಿ ಪುಸ್ತಕಗಳು ಮೂಲೆಗೆ ಸೇರುವುವೆಂದು 1913ರಲ್ಲಿ ಥಾಮಸ್ ಎಡಿಸನ್ ಭವಿಷ್ಯ ನುಡಿದ. ಪುಸ್ತಕಗಳು ಮೂಲೆಗೆ ಸೇರಲಿಲ್ಲ. 1957ರಲ್ಲಿ ರಷ್ಯನ್ನರು ಸ್ಪುಟ್ನಿಕ್ ಉಪಗ್ರಹವನ್ನು ಹಾರಿಸಿದಾಗ ಉಂಟಾದ ಗಾಬರಿಯಲ್ಲಿ, ಮರುವರ್ಷವೇ ರಾಷ್ಟ್ರರಕ್ಷಣಾ ಶಿಕ್ಷಣ ಶಾಸನ ಜಾರಿಗೆ ಬಂದು, ವಿಜ್ಞಾನ, ಗಣಿತ, ವಿದೇಶೀ ಭಾಷೆಗಳ ಬೋಧನೆಗೆ ಬೇಕಾದ ಉಪಕರಣಗಳಿಗೆ ಕೇಂದ್ರ ಸರ್ಕಾರದ ಹಣ ಹರಿಯಿತು. ಹುಡುಗರು ಸಾಲುಸಾಲಾದ ಗೂಡುಗಳಲ್ಲಿ ಕುಳಿತು, ಕಿವಿಗೆ ಹೆಡ್‌ಫೋನ್ ತೊಟ್ಟು, ಟೇಪಿನಿಂದ ಫ್ರೆಂಚೋ ಸ್ಪ್ಯಾನಿಷೋ ಕಲಿಯುವ ಭಾಷಾ ಪ್ರಯೋಗಾಲಯಗಳು ದೇಶದುದ್ದಕ್ಕೂ ಎದ್ದುವು. ರಿಪೇರಿಗೂ ಉಪಾಧ್ಯಾಯರ ತರಬೇತಿಗೂ ಮೊದಲೇ ಏರ್ಪಾಡಿಲ್ಲದ ಎಡೆಗಳಲ್ಲಿ ಅವು ಬೇಗನೆ ಮೂಲೆಗುಂಪಾದುವು.

ಈ ಉತ್ಸಾಹದ ಪರಾಕಾಷ್ಠೆಯನ್ನು ಕಾಣಬೇಕಾದರೆ ಆಕಾಶವನ್ನೇ ನೋಡಬೇಕು. 1961ರಿಂದ ಮುಂದಕ್ಕೆ, ಇಂಡಿಯಾನಾ ಸಂಸ್ಥಾನದ ಪರ್ಡ್ಯೂ ವಿಶ್ವವಿದ್ಯಾನಿಲಯದ ವಿಮಾನ ನಿಲ್ದಾಣದಿಂದ ಡಿಸಿ-6 ವಿಮಾನವೊಂದು ಮೇಲೇರಿ, ಮಾಂಟ್‌ಪೀಲಿಯರ್ ಎಂಬ ಸಣ್ಣ ಊರಿನ ಮೇಲೆ ಸುಮಾರು 23,000 ಅಡಿ ಎತ್ತರದಲ್ಲಿ ಗಿರಕಿ ಹೊಡೆಯುತ್ತ, ಹೊಟ್ಟೆಯ ಕೆಳಗೆ ಇಳಿಬಿಟ್ಟ ಆಂಟೆನಾದ ಮೂಲಕ ಆರು ಸಂಸ್ಥಾನಗಳ ಶಾಲೆಗಳಿಗೆ ಟೆಲಿವಿಷನ್ ಪಾಠಗಳನ್ನು ಬಿತ್ತರಿಸುತ್ತಿತ್ತು. ಸಾಹಸ ಅದ್ಭುತವೇ, ಆದರೆ ಕೆಳಗಿನ ತರಗತಿಯ ಉಪಾಧ್ಯಾಯರು ತಮ್ಮ ಮಕ್ಕಳು ಪಾಠದಲ್ಲಿ ಎಲ್ಲಿಗೆ ಬಂದಿದ್ದಾರೆಂಬುದನ್ನು ಬದಿಗಿಟ್ಟು ವಿಮಾನದ ವೇಳಾಪಟ್ಟಿಯನ್ನು ಅನುಸರಿಸಬೇಕಾಗಿತ್ತು. 1968ರಲ್ಲಿ ಆ ಹಾರಾಟ ನಿಂತಿತು.

ವಿಮಾನದ ತರುವಾಯ ಉಪಗ್ರಹ. ಈ ಕಥೆ ಇಲ್ಲಿ ನಮ್ಮ ನಾಡನ್ನು ಮುಟ್ಟುತ್ತದೆ. 1974ರ ಮೇ ತಿಂಗಳಿನಲ್ಲಿ ಮೇಲೇರಿದ ಎಟಿಎಸ್-6 ಎಂಬ ಅಮೆರಿಕದ ಉಪಗ್ರಹ, ಅಪಲೇಚಿಯಾ, ರಾಕಿ ಪರ್ವತಪ್ರಾಂತ ಮತ್ತು ಅಲಾಸ್ಕಾಗಳ ಜನರಿಗೆ ಒಂದು ವರ್ಷ ಪಾಠಗಳನ್ನು ಮುಟ್ಟಿಸಿ, ಬಳಿಕ ಭಾರತದ ಕಡೆಗೆ ಸರಿಯಿತು. 1975ರ ಆಗಸ್ಟ್ 1ರಿಂದ 1976ರ ಜುಲೈ 31ರವರೆಗೆ, ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳು ಅದೇ ಉಪಗ್ರಹದಿಂದ ಕಾರ್ಯಕ್ರಮಗಳನ್ನು ನೋಡಿದುವು. ನಮ್ಮ ಬಿಜಾಪುರ, ಗುಲ್ಬರ್ಗಾ, ರಾಯಚೂರು ಜಿಲ್ಲೆಗಳ ಹಳ್ಳಿಗಳು ಅವುಗಳಲ್ಲಿ ಸೇರಿದ್ದುವು. ಕೋಳಿಗೂಡಿಗೆ ಹೊದಿಸುವಂಥ ತಂತಿಬಲೆಯಿಂದ ಮಾಡಿದ, ಮೂರು ಮೀಟರ್ ಅಗಲದ ಬುಟ್ಟಿಯಂಥ ಆಂಟೆನಾ ಆಕಾಶಕ್ಕೆ ಮುಖಮಾಡಿ ನಿಂತಿರಲು, ಬೆಳಗಿನ ಹೊತ್ತು ಹುಡುಗರು ಒಂದೇ ಪೆಟ್ಟಿಗೆಯ ಮುಂದೆ ಒತ್ತಾಗಿ ಕುಳಿತು ಕನ್ನಡದಲ್ಲಿ ಪಾಠ ಕೇಳಿದರು. ಆ ಯೋಜನೆಯನ್ನು ನಡೆಸಿದ ನಮ್ಮ ವಿಜ್ಞಾನಿಗಳು ಪೆಟ್ಟಿಗೆಗಳನ್ನು ಹಂಚುವುದಕ್ಕೆ ಮೊದಲೇ ದುರಸ್ತಿಯ ಕೇಂದ್ರಗಳನ್ನೂ ತಂತ್ರಜ್ಞರನ್ನೂ ಗೊತ್ತುಮಾಡಿಟ್ಟಿದ್ದರೆಂಬುದು ವಿಶೇಷವಾಗಿ ಸ್ಮರಣೀಯವಾದ ಅಂಶ.

ಅಮೆರಿಕದ ಶಾಲಾ ಮಂಡಳಿಗಳಿಗೆ ಈ ದೂರದೃಷ್ಟಿ ಶಾಸನದ ಮೂಲಕ ಬಂದಿತು. 1996ರ ಮಾರ್ಚ್ 9ರಂದು ಕ್ಯಾಲಿಫೋರ್ನಿಯಾದಲ್ಲಿ ಸಾವಿರಾರು ಸ್ವಯಂಸೇವಕರು ಏಣಿ ಹತ್ತಿ, ಸೂರಿನೊಳಗಿಂದ ಕೇಬಲ್ ಎಳೆದು, ಶಾಲೆಗಳನ್ನು ಇಂಟರ್ನೆಟ್ಟಿಗೆ ಜೋಡಿಸಲು ದುಡಿದರು. ಅಧ್ಯಕ್ಷ ಕ್ಲಿಂಟನ್ನರೂ ಕಾನ್‌ಕಾರ್ಡ್ ಊರಿನ ಶಾಲೆಯೊಂದರಲ್ಲಿ ತಂತಿಗೆ ಕೈಹಾಕಿದರು. ಅದಕ್ಕೆ ಒಂದು ತಿಂಗಳ ಹಿಂದೆಯಷ್ಟೇ ಸಹಿಯಾಗಿದ್ದ ದೂರಸಂಪರ್ಕ ಶಾಸನದಿಂದ ಇ-ರೇಟ್ ಎಂಬ ಸಹಾಯನಿಧಿ ಹುಟ್ಟಿ, ವರ್ಷಕ್ಕೆ 225 ಕೋಟಿ ಡಾಲರಿನವರೆಗೆ, ಬಡತನಕ್ಕನುಗುಣವಾಗಿ ಶೇಕಡ 20ರಿಂದ 90ರಷ್ಟು ರಿಯಾಯಿತಿಯನ್ನು ಶಾಲೆಗಳಿಗೂ ಗ್ರಂಥಾಲಯಗಳಿಗೂ ಕೊಡತೊಡಗಿತು. ಆದರೆ ಈ ರಿಯಾಯಿತಿ ಬೇಕೆಂಬ ಮಂಡಳಿ ಮೊದಲು ಒಂದು ಲಿಖಿತ ಯೋಜನೆಯನ್ನು ಸಿದ್ಧಪಡಿಸಿ, ಅಂಗೀಕಾರ ಪಡೆಯಬೇಕಾಗಿತ್ತು. ಆ ಯೋಜನೆ ಐದು ಪ್ರಶ್ನೆಗಳಿಗೆ ಉತ್ತರ ಕೊಡಬೇಕು: ಈ ಸಾಧನದಿಂದ ಮಕ್ಕಳ ಕಲಿಕೆಗೆ ಆಗಬೇಕಾದುದೇನು? ಉಪಾಧ್ಯಾಯರನ್ನು ಅದಕ್ಕೆ ಅಣಿಮಾಡುವುದು ಹೇಗೆ? ಈಗ ಇರುವುದೇನು, ಬೇಕಾಗಿರುವುದೇನು? ರಿಯಾಯಿತಿ ಕಳೆದು ಉಳಿದ ವೆಚ್ಚವನ್ನೂ ಮುಂದಿನ ನಿರ್ವಹಣೆಯನ್ನೂ ಯಾವ ಹಣದಿಂದ ನಡೆಸುವಿರಿ? ಉದ್ದೇಶ ಸಫಲವಾಯಿತೇ ಎಂಬುದನ್ನು ಯಾವಾಗ, ಹೇಗೆ ಪರೀಕ್ಷಿಸುವಿರಿ?

ತಂತಿಯ ಕೆಲಸ ಶೀಘ್ರವಾಗಿ ಮುಗಿಯಿತು. 1994ರಲ್ಲಿ ಆ ದೇಶದ ಸರ್ಕಾರಿ ಶಾಲೆಗಳ ಪಾಠದ ಕೊಠಡಿಗಳಲ್ಲಿ ಶೇಕಡ 3ಕ್ಕೆ ಮಾತ್ರ ಇಂಟರ್ನೆಟ್ ಇತ್ತು. 2005ರಲ್ಲಿ ಶೇಕಡ 94ಕ್ಕೆ ಇತ್ತು. ಪ್ರಶ್ನೆಗಳ ಕೆಲಸ ಮಾತ್ರ ಎಲ್ಲೆಡೆ ಒಂದೇ ಶ್ರದ್ಧೆಯಿಂದ ನಡೆಯಲಿಲ್ಲ. ಮೇನ್ ಸಂಸ್ಥಾನ 2002ರಲ್ಲಿ ಏಳನೆಯ ತರಗತಿಯ ಮಕ್ಕಳಿಗೆಲ್ಲ ಲ್ಯಾಪ್‌ಟಾಪ್ ಕೊಡಲು ಹೊರಟಾಗ ಉಪಾಧ್ಯಾಯರ ತರಬೇತಿಯನ್ನೂ ಯೋಜನೆಯ ಅಂಗವಾಗಿಸಿಕೊಂಡಿತು. ಆ ಕಾರ್ಯ ಬಹುಕಾಲ ಬಾಳಿತು. 2013ರಲ್ಲಿ ದೇಶದ ಎರಡನೆಯ ಅತಿ ದೊಡ್ಡ ಮಂಡಳಿಯಾದ ಲಾಸ್ ಏಂಜಲೀಸ್, ನೂರು ಕೋಟಿ ಡಾಲರಿಗೂ ಮಿಗಿಲಾದ ಯೋಜನೆಯಲ್ಲಿ ಐಪ್ಯಾಡುಗಳನ್ನು ಹಂಚತೊಡಗಿತು. ಕೆಲವೇ ದಿನಗಳಲ್ಲಿ ಹುಡುಗರು ಅವುಗಳ ಕಟ್ಟುಪಾಡುಗಳನ್ನು ಬಿಚ್ಚಿಹಾಕಿದರು, ವರ್ಷ ತುಂಬುವ ವೇಳೆಗೆ ಒಪ್ಪಂದವೇ ನಿಂತುಹೋಯಿತು. 2014ರಲ್ಲಿ ಇ-ರೇಟ್ ನಿಯಮಗಳನ್ನು ಸರಳಗೊಳಿಸುವಾಗ ಲಿಖಿತ ಯೋಜನೆಯ ಕಡ್ಡಾಯವನ್ನೂ ತೆಗೆದುಹಾಕಿದರು.

ಕಾಗದದ ಹೊರೆ ಇಳಿಯಿತೆಂದು ಸಂತೋಷಪಟ್ಟವರನ್ನು ನಾನು ದೂಷಿಸಲಾರೆ. ಉತ್ತರವನ್ನು ಮನಸ್ಸಿಟ್ಟು ಬರೆಯದೆ ನಮೂನೆಯನ್ನು ಮಾತ್ರ ತುಂಬುವ ಅಭ್ಯಾಸ ಯಾವ ದೇಶದ ಕಚೇರಿಗೂ ಹೊಸದಲ್ಲ. ಆದರೆ ಕಡ್ಡಾಯ ಹೋದ ಮಾತ್ರಕ್ಕೆ ಪ್ರಶ್ನೆಗಳು ಹೋಗಲಿಲ್ಲ. ನಮ್ಮ ಊರಿನ ಶಾಲೆಗೆ ದಾನಿಯೊಬ್ಬರು ಕಂಪ್ಯೂಟರ್ ಕೊಡಲು ಮುಂದೆ ಬಂದಾಗ, ಇಲಾಖೆಯಿಂದ ಸ್ಮಾರ್ಟ್ ಬೋರ್ಡ್ ಮಂಜೂರಾದಾಗ, ಹಾರ ತುರಾಯಿಗಳಿಗೆ ಮೊದಲು ಶಾಲಾಭಿವೃದ್ಧಿ ಸಮಿತಿಯ ಸದಸ್ಯರು ಉಪಾಧ್ಯಾಯರನ್ನು ಜೊತೆಯಲ್ಲಿ ಕೂರಿಸಿಕೊಂಡು, ಆ ಐದು ಪ್ರಶ್ನೆಗಳನ್ನು ಒಂದು ಹಾಳೆಯಲ್ಲಿ ಬರೆದು, ಪ್ರತಿಯೊಂದರ ಮುಂದೆ ಪ್ರಾಮಾಣಿಕವಾದ ಉತ್ತರವನ್ನು ಬರೆಯಲಿ. ಉತ್ತರವಿಲ್ಲದ ಪ್ರಶ್ನೆ ಒಂದು ಉಳಿದರೂ ಯಂತ್ರ ಸ್ವಲ್ಪ ಕಾಯಲಿ. ಮಕ್ಕಳ ಪಾಠ ಅಲ್ಲಿಯವರೆಗೆ ಕರಿಹಲಗೆಯ ಮೇಲೆ ನಡೆಯುತ್ತದೆ.