ಕೂಟ, ಕೂಟ್ಟಂ: ಯಾರು ಯಾರಿಂದ ತಗೊಂಡ್ರು?

ಟೆಕ್ನೋಪಾರ್ಕ್ ಕೆಲಸಕ್ಕೆ ಬಂದ ಕನ್ನಡಿಗರಿಗೆ ಕಳಕ್ಕೂಟಂ ಹೆಸರಲ್ಲೇ ನಮ್ಮ 'ಕೂಟ' ಕೇಳಿಸುತ್ತೆ. ಹಾಗಾದ್ರೆ ಮಲಯಾಳದ 'ಕೂಟ್ಟಂ' ನಮ್ಮಿಂದ ಹೋದದ್ದಾ, ನಮ್ಮದು ಅಲ್ಲಿಂದ ಬಂದದ್ದಾ?

ಎರಡೂ ಅಲ್ಲ. ಎರಡರ ಬೇರೂ 'ಕೂಡು' ಎಂಬ ಹಳೆಯ ದ್ರಾವಿಡ ಧಾತು. ಕನ್ನಡದಲ್ಲಿ ಆಡು–ಆಟ, ಓಡು–ಓಟ, ಕೂಡು–ಕೂಟ. ಮಲಯಾಳದಲ್ಲಿ ಆಟ್ಟಂ, ಓಟ್ಟಂ, ಕೂಟ್ಟಂ. ತಮಿಳಲ್ಲೂ ಹೀಗೇ. ಬಿಡಿ ಪದ ಎರವಲು ಬರಬಹುದು. ಇಡೀ ಸಾಲು ಒಂದೇ ನಿಯಮಕ್ಕೆ ಹೊಂದಿದರೆ ಅದು ಒಡಹುಟ್ಟಿದವರ ಗುರುತು.

ಅರ್ಥ ಮಾತ್ರ ಕವಲೊಡೆದಿದೆ. ನಮಗೆ ಕೂಟ ಅಂದ್ರೆ ಹೆಚ್ಚಾಗಿ ಒಂದು ಉದ್ದೇಶಕ್ಕೆ ಸೇರೋದು: ಔತಣಕೂಟ, ಕ್ರೀಡಾಕೂಟ. ಮಲಯಾಳದಲ್ಲಿ 'ಆನಕ್ಕೂಟ್ಟಂ' ಅಂದ್ರೆ ಆನೆ ಹಿಂಡು. ಗೆಳೆಯ 'ಕೂಟ್ಟುಕಾರನ್'. 2001ರಲ್ಲಿ ಯುನೆಸ್ಕೊ ಮನ್ನಣೆ ಪಡೆದ ಕೂಡಿಯಾಟ್ಟಂ, ಕೂಡಿ ಆಡುವ ಆಟ. ನಮ್ಮ ಕರಾವಳಿಯಲ್ಲಿ ಯಕ್ಷಗಾನಕ್ಕೆ 'ಆಟ' ಅಂತಾರಲ್ಲ, ಅದೇ ಆಟ.

ಯಾವ ಭಾಷೆ ಯಾವುದರ ತಾಯಿ ಅನ್ನೋ ಜಗಳ ಆಫೀಸಲ್ಲೂ ಆಗುತ್ತೆ. ನಾನು ಹೇಳೋದಿಷ್ಟೇ: ಇವರೆಲ್ಲರ ತಾಯಿ ಮೂಲದ್ರಾವಿಡ. ಅದು ಇವತ್ತು ಯಾವ ರಾಜ್ಯದ ಸೊತ್ತೂ ಅಲ್ಲ. ಉಳಿದವರು ಅಕ್ಕತಂಗಿಯರು. ನಿಮಗೆ ಕೇಳಿಸಿದ ಇಂಥ ಜೋಡಿ ಪದಗಳನ್ನು ಬರೆದು ಕಳಿಸಿ.