ಗೂಡಲೂರಿನ ಸುತ್ತ ಓಡುತ್ತಾ ಓದುವ ಇತಿಹಾಸ

ಗೂಡಲೂರು ಎಂದಾಕ್ಷಣ ಕನ್ನಡಿಗರಿಗೆ ನೆನಪಾಗುವುದು ಗುಂಡ್ಲುಪೇಟೆ ದಾಟಿ ಊಟಿಗೆ ಹೋಗುವಾಗ ಸಿಗುವ ನೀಲಗಿರಿಯ ಗೂಡಲೂರು. ನಾವು ಹೇಳಹೊರಟಿರುವುದು ಅದಲ್ಲ. ಇದು ತಮಿಳುನಾಡಿನ ತೇನಿ ಜಿಲ್ಲೆಯ ಗೂಡಲೂರು. ಕಂಬಂ ಕಣಿವೆಯ ತುದಿಯಲ್ಲಿ, ಕೇರಳದ ಕುಮಳಿಗೆ ಘಟ್ಟ ಹತ್ತುವ ಮೊದಲು ಸಿಗುವ ಊರು. 1996ರಲ್ಲಿ ಮಧುರೆ ಜಿಲ್ಲೆಯನ್ನು ಒಡೆದು ತೇನಿ ಜಿಲ್ಲೆ ಮಾಡಿದರು. ಅದಕ್ಕೂ ಮುಂಚೆ ಇದೆಲ್ಲ ಮಧುರೆಗೆ ಸೇರಿತ್ತು.

ಹೆಸರಿನಿಂದಲೇ ಶುರುಮಾಡೋಣ. 'ಕೂಡಲ್' ಎಂದರೆ ಕೂಡುವ ಜಾಗ. ನಮ್ಮ ಕೂಡಲಸಂಗಮದಲ್ಲಿರುವುದೂ ಇದೇ ಪದ. ತಮಿಳಿನವರು ಬರೆಯುವುದು 'ಕೂಡಲೂರ್', ಬಾಯಲ್ಲಿ ಬರುವುದು 'ಗೂಡಲೂರ್'.

ಪೊಲೀಸ್ ಮತ್ತು ಸೈನ್ಯದ ಆಯ್ಕೆಗೆ ತಯಾರಾಗುವ ಹುಡುಗರು ಈಗ ಎಲ್ಲ ಊರುಗಳಲ್ಲೂ ಬೆಳಗಿನ ಜಾವ ಓಡುತ್ತಾರೆ. ಸಕ್ಕರೆ ಕಾಯಿಲೆ ಇರುವ ಹಿರಿಯರು ಬಿರುಸಾಗಿ ನಡೆಯುತ್ತಾರೆ. ಹೇಗೂ ಓಡುವುದಾದರೆ ಕಣ್ಣು ತೆರೆದುಕೊಂಡೇ ಓಡಬಹುದಲ್ಲವೇ? ಕಂಬಂ ಕಣಿವೆಯಂತಹ ಜಾಗದಲ್ಲಿ ಎರಡು ಹೆಜ್ಜೆಗೊಂದು ಇತಿಹಾಸವಿದೆ. ಅದಕ್ಕಾಗಿ ನಾವು ಮೂರು ಹಾದಿಗಳನ್ನು ಆರಿಸಿಕೊಂಡಿದ್ದೇವೆ.

ಮೊದಲ ಹಾದಿ: ನೀರಿನ ಹಾದಿ

ಗೂಡಲೂರಿನಿಂದ ಲೋಯರ್ ಕ್ಯಾಂಪಿಗೆ ಸುಮಾರು ಏಳೆಂಟು ಕಿ.ಮೀ. ದಿಂಡುಗಲ್-ಕುಮಳಿ ಹೆದ್ದಾರಿಯಲ್ಲಿ ವಾಹನಗಳ ಕಾಟ ಹೆಚ್ಚು. ಗದ್ದೆ, ತೆಂಗು, ದ್ರಾಕ್ಷಿ ತೋಟಗಳ ನಡುವಿನ ದಾರಿಗಳೇ ಓಟಕ್ಕೆ ಒಳ್ಳೆಯದು. ಕಂಬಂ ಪನ್ನೀರ್ ದ್ರಾಕ್ಷಿಗೆ 2023ರಲ್ಲಿ ಭೌಗೋಳಿಕ ಸೂಚಿಕೆ ಮಾನ್ಯತೆ ಸಿಕ್ಕಿತು.

ಇಲ್ಲಿ ಹರಿಯುವ ನೀರು ಪಶ್ಚಿಮಕ್ಕೆ ಹರಿದು ಅರಬ್ಬೀ ಸಮುದ್ರ ಸೇರಬೇಕಾಗಿದ್ದ ಪೆರಿಯಾರ್ ನದಿಯ ನೀರು. ಕೇರಳದ ಬೆಟ್ಟದಲ್ಲಿ ಅಣೆಕಟ್ಟು ಕಟ್ಟಿ, ನೀರನ್ನು ಹಿಂದಕ್ಕೆ ನಿಲ್ಲಿಸಿ, ಬೆಟ್ಟದ ಏಣನ್ನೇ ಕೊರೆದು ಸುಮಾರು ಒಂದೂಮುಕ್ಕಾಲು ಕಿ.ಮೀ. ಸುರಂಗ ಮಾಡಿ ಪೂರ್ವಕ್ಕೆ ತಿರುಗಿಸಿದರು. ಈಗ ಆ ನೀರು ಲೋಯರ್ ಕ್ಯಾಂಪಿನಲ್ಲಿ ವಿದ್ಯುತ್ ಉತ್ಪಾದಿಸಿ, ಕಣಿವೆಯ 14,707 ಎಕರೆ ಎರಡು ಬೆಳೆಯ ಗದ್ದೆಗೆ ಹರಿದು, ಮುಂದೆ ವೈಗೈ ನದಿಯನ್ನು ಸೇರುತ್ತದೆ.

ಇದಕ್ಕೆ ಒತ್ತಡ ತಂದದ್ದು 1876-78ರ ಮಹಾಕ್ಷಾಮ. ಮೈಸೂರು ಸೀಮೆಯಲ್ಲಿ ಹಿರಿಯರು 'ಧಾತು ಈಶ್ವರ ಬರ' ಎನ್ನುತ್ತಿದ್ದರಲ್ಲ, ಅದೇ ಬರ. ತಮಿಳರಿಗೂ ಅದು 'ತಾದು ವರ್ಷದ ಬರ'. ಎರಡೂ ನಾಡು ಒಂದೇ ಸಂವತ್ಸರದ ಹೆಸರಿನಲ್ಲಿ ಹಸಿವನ್ನು ನೆನಪಿಟ್ಟುಕೊಂಡಿವೆ! 1886ರ ಅಕ್ಟೋಬರ್ 29ರಂದು ತಿರುವಾಂಕೂರು ಸಂಸ್ಥಾನವು ಬ್ರಿಟಿಷ್ ಸರ್ಕಾರಕ್ಕೆ 999 ವರ್ಷಗಳ ಗುತ್ತಿಗೆ ಬರೆದುಕೊಟ್ಟಿತು. ಕರ್ನಲ್ ಜಾನ್ ಪೆನ್ನಿಕ್ವಿಕ್ ಎಂಬ ಇಂಜಿನಿಯರ್ ಮುಂದೆ ನಿಂತು ಕಟ್ಟಿಸಿದ ಈ ಮುಲ್ಲಪೆರಿಯಾರ್ ಅಣೆಕಟ್ಟು 1895ರ ಅಕ್ಟೋಬರಿನಲ್ಲಿ ಉದ್ಘಾಟನೆಯಾಯಿತು. ಕೆಲಸದ ನಡುವೆ ಪ್ರವಾಹ ಕಟ್ಟಿದ್ದನ್ನು ಕೊಚ್ಚಿಕೊಂಡು ಹೋದದ್ದೂ ಉಂಟು. ಕಾಡುಜ್ವರಕ್ಕೆ ಕೂಲಿಯವರು ಸತ್ತದ್ದೂ ಉಂಟು. ಕಟ್ಟಿದ್ದು ಸುಣ್ಣ ಮತ್ತು ಸುರ್ಕಿ ಗಾರೆಯಲ್ಲಿ. ನಮ್ಮ ಕನ್ನಂಬಾಡಿ ಕಟ್ಟೆಗೂ ಸುರ್ಕಿ ಗಾರೆಯನ್ನೇ ಬಳಸಿದ್ದು ಎಂಬುದನ್ನು ಮಕ್ಕಳಿಗೆ ಹೇಳಬೇಕು.

ಮಂಡ್ಯದ ರೈತರ ಮನೆಗಳಲ್ಲಿ ವಿಶ್ವೇಶ್ವರಯ್ಯನವರ ಪಟ ಇರುವ ಹಾಗೆ ಈ ಕಣಿವೆಯ ಮನೆ, ಅಂಗಡಿಗಳಲ್ಲಿ ಪೆನ್ನಿಕ್ವಿಕ್ ಪಟ ಕಾಣುತ್ತದೆ. ಅವರು ಹುಟ್ಟಿದ ದಿನವಾದ ಜನವರಿ 15ರಂದು ರೈತರು ಪೊಂಗಲ್ ಇಡುತ್ತಾರೆ. 2013ರಲ್ಲಿ ಅದೇ ದಿನ ಲೋಯರ್ ಕ್ಯಾಂಪಿನಲ್ಲಿ ಅವರ ಮಣಿಮಂಟಪ ಉದ್ಘಾಟನೆಯಾಯಿತು. ಅಣೆಕಟ್ಟಿನ ಭದ್ರತೆ ಮತ್ತು ನೀರಿನ ಮಟ್ಟದ ಬಗ್ಗೆ ಎರಡು ರಾಜ್ಯಗಳ ನಡುವೆ ವ್ಯಾಜ್ಯ ನಡೆದು, 2014ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು 142 ಅಡಿವರೆಗೆ ನೀರು ನಿಲ್ಲಿಸಲು ಒಪ್ಪಿತು. ಕಾವೇರಿಯ ವಿಷಯ ಕೇಳುತ್ತಾ ಬೆಳೆದ ನಮಗೆ ಇದು ಹೊಸದೇನಲ್ಲ. ಗಡಿಯ ಒಂದು ಬದಿಗೆ ಅನ್ನ ಕೊಡುವ ಕಟ್ಟೆ ಇನ್ನೊಂದು ಬದಿಗೆ ಆತಂಕ ಕೊಡಬಹುದು. ಎರಡೂ ಬದಿಯವರ ಮಾತನ್ನು ಕೇಳಿಸಿಕೊಳ್ಳುವುದು ಗಡಿನಾಡಿನವರು ಕಲಿಯಬೇಕಾದ ಮೊದಲ ಪಾಠ.

ಎರಡನೆಯ ಹಾದಿ: ವರ್ಷಕ್ಕೊಂದೇ ದಿನ

ಲೋಯರ್ ಕ್ಯಾಂಪ್ ಬಳಿಯ ಪಳಿಯಂಕುಡಿಯಿಂದ ಬೆಟ್ಟದ ಮೇಲಿನ ಮಂಗಳಾದೇವಿ ಕಣ್ಣಗಿ ಗುಡಿಗೆ ಆರೇಳು ಕಿ.ಮೀ. ಕಾಲುದಾರಿಯಿದೆ. ಗುಡಿ ಇರುವುದು ಎರಡು ರಾಜ್ಯಗಳ ಗಡಿಯಲ್ಲಿ, ಹುಲಿಗಳ ಕಾಡಿನಲ್ಲಿ. ಹೀಗಾಗಿ ಚಿತ್ರಾ ಪೌರ್ಣಮಿಯ ಒಂದು ದಿನ ಮಾತ್ರ ಜನರಿಗೆ ಪ್ರವೇಶ. ಗಂಡನನ್ನು ಅನ್ಯಾಯವಾಗಿ ಕೊಂದ ಮಧುರೆಯನ್ನು ಸುಟ್ಟ ಕಣ್ಣಗಿ ಚೇರ ನಾಡಿನ ಬೆಟ್ಟಕ್ಕೆ ಬಂದಳೆಂದು 'ಶಿಲಪ್ಪದಿಕಾರಂ' ಹೇಳುತ್ತದೆ. ಆ ಬೆಟ್ಟ ಇದೇ ಎಂಬುದು ಕಣಿವೆಯ ಜನರ ನಂಬಿಕೆ. ಏರು ಕಡಿದಾಗಿದೆ. ಇಲ್ಲಿ ಓಡುವುದು ಬೇಡ, ನಡೆದರೆ ಸಾಕು.

ಮೂರನೆಯ ಹಾದಿ: ದನಗಳ ಹಾದಿ

ನಮಗೆ ಎಲ್ಲಕ್ಕಿಂತ ಹತ್ತಿರವಾದದ್ದು ಈ ಹಾದಿ. ಗೂಡಲೂರಿನಿಂದ ಕಂಬಂಗೆ ಹತ್ತು ಕಿ.ಮೀ. ಒಳಗೆ. ಈ ಕಣಿವೆಯಲ್ಲಿ ಕನ್ನಡ ಮನೆಮಾತಿನ ಒಕ್ಕಲಿಗ ಗೌಡರಿದ್ದಾರೆ. ತಮಿಳರು ಇವರನ್ನು ಕಪ್ಪಿಲಿಯರ್ ಎಂದೂ ಕರೆಯುತ್ತಾರೆ. ಶತಮಾನಗಳ ಹಿಂದೆ ಕನ್ನಡ ನಾಡಿನಿಂದ ದನಕರುಗಳೊಂದಿಗೆ ಹೊರಟು ಬಂದವರು ತಾವೆಂದು ಅವರು ಹೇಳಿಕೊಳ್ಳುತ್ತಾರೆ.

ಆ ದನಗಳ ಸಂತತಿಯೆಂದು ನಂಬಲಾದ ಹಿಂಡು ಕಂಬಂನ ನಂದಗೋಪಾಲಸ್ವಾಮಿ ಗುಡಿಯಲ್ಲಿದೆ. ತಮಿಳಿನಲ್ಲಿ 'ತಂಬಿರಾನ್ ಮಾಡು'. 1906ರ ಮಧುರೆ ಜಿಲ್ಲಾ ಗೆಜೆಟಿಯರ್ ಈ ಹಿಂಡಿನ ಕನ್ನಡ ಹೆಸರನ್ನೂ ದಾಖಲಿಸಿದೆ: 'ದೇವರು ಆವು'. ಹಿಂಡಿಗೊಂದು ಪಟ್ಟದ ಹೋರಿ. ಅದು ಸತ್ತರೆ ಮರ್ಯಾದೆಯಿಂದ ಮಣ್ಣು ಮಾಡಿ, ಹಿಂಡಿನ ಮುಂದೆ ಕಬ್ಬು ಇಡುತ್ತಾರೆ. ಮೊದಲು ಕಬ್ಬಿಗೆ ಬಾಯಿ ಹಾಕಿದ್ದೇ ಹೊಸ ಪಟ್ಟದ ಹೋರಿ. ಮಾಟ್ಟುಪೊಂಗಲ್ ದಿನ ಈ ದನಗಳನ್ನು ನೋಡಲು ಸುತ್ತಲ ಜನ ಸೇರುತ್ತಾರೆ.

ಓಟ ಮುಂದುವರಿಸುವ ಬಲವಿದ್ದವರು ಉತ್ತಮಪಾಳಯಕ್ಕೆ ಹೋಗಬಹುದು. ಅಲ್ಲಿಯ ಬಂಡೆಯಲ್ಲಿ ಒಂಬತ್ತನೆಯ ಶತಮಾನದ ಸುಮಾರಿನ ಜೈನ ತೀರ್ಥಂಕರರ ಸಾಲು ಕೆತ್ತನೆಗಳಿವೆ. ವಟ್ಟೆಳುತ್ತು ಬರಹದಲ್ಲಿ ಅಜ್ಜನಂದಿ ಎಂಬ ಮುನಿಯ ಹೆಸರಿದೆ. ಅಜ್ಜ ಎಂದರೆ ಪ್ರಾಕೃತದಲ್ಲಿ ಆರ್ಯ, ಪೂಜ್ಯ. ಬೆಳಗೊಳದ ಗೊಮ್ಮಟನನ್ನು ಕಂಡ ಕಣ್ಣಿಗೆ ಈ ಪುಟ್ಟ ಮೂರ್ತಿಗಳು ನೆಂಟರಂತೆ ಕಾಣುತ್ತವೆ. ಇನ್ನೂ ಮುಂದಿನ ಚಿನ್ನಮನೂರು ಪಾಂಡ್ಯರ ತಾಮ್ರಶಾಸನಗಳಿಂದ ಇತಿಹಾಸಕಾರರಿಗೆಲ್ಲ ಪರಿಚಿತವಾದ ಊರು.

ಒಂದು ಕಲ್ಲು, ಒಂದು ಪದ

ಈಗ ಮುಖ್ಯ ವಿಷಯಕ್ಕೆ ಬರೋಣ. 2006ರಲ್ಲಿ ತಂಜಾವೂರಿನ ತಮಿಳು ವಿಶ್ವವಿದ್ಯಾಲಯದ ಸಂಶೋಧಕರು ಇದೇ ಜಿಲ್ಲೆಯ ಆಂಡಿಪಟ್ಟಿ ಕಡೆಯ ಪುಲಿಮಾನ್‌ಕೊಂಬೈ ಎಂಬಲ್ಲಿ ತಮಿಳು-ಬ್ರಾಹ್ಮಿ ಬರಹದ ವೀರಗಲ್ಲುಗಳನ್ನು ಪತ್ತೆಹಚ್ಚಿದರು. ಎರಡು ಸಾವಿರ ವರ್ಷಕ್ಕೂ ಹಳೆಯವು. ಅವುಗಳಲ್ಲೊಂದು 'ಕೂಡಲೂರ್ ಆಕೋಳ್'ನಲ್ಲಿ ಸತ್ತ ವೀರನ ಕಲ್ಲು. ಆ ಕೂಡಲೂರು ಯಾವುದೆಂದು ಕಲ್ಲು ವಿವರಿಸುವುದಿಲ್ಲ. ಆದರೆ ಹೆಸರು ನಮ್ಮ ಗೂಡಲೂರಿನದೇ!

'ಆಕೋಳ್' ಎಂದರೆ ದನ ಹಿಡಿಯುವ ಕಾಳಗ. ನಮ್ಮ ವೀರಗಲ್ಲುಗಳಲ್ಲಿ ಬರುವ 'ತುರುಗೋಳ್' ಇದೇ. 'ಕೋಳ್' ಎರಡರಲ್ಲೂ ಒಂದೇ. 'ಆ' ಎಂದರೆ ಹಸು. ನಾವು ದಿನವೂ ಹೇಳುವ 'ಆಕಳು' ಪದದ ಮೊದಲಲ್ಲಿ ಅದು ಕೂತಿದೆ. 'ದೇವರು ಆವು' ಎನ್ನುವಾಗ ಕಂಬಂ ಕಣಿವೆಯ ಕನ್ನಡಿಗರ ಬಾಯಲ್ಲಿ ಬರುವುದೂ ಅದೇ. ನಮ್ಮಲ್ಲಿ ಈಗ ನಿಘಂಟಿನಲ್ಲಿ ಹುಡುಕಬೇಕಾದ 'ಆವು' ಎಂಬ ಪದವನ್ನು ನಾಡು ಬಿಟ್ಟು ಹೋದವರು ದನದ ಜೊತೆಗೇ ಕಾಪಾಡಿಕೊಂಡು ಬಂದಿದ್ದರು.

ಆದರೆ ದನಕ್ಕೂ ಪದಕ್ಕೂ ಈಗ ಕಷ್ಟಕಾಲ. ಈ ಕಣಿವೆಯ ಮಲೆಮಾಡು ದನಗಳು ಕಾಡಿನ ಮೇವನ್ನು ನಂಬಿದವು. 2021ರಲ್ಲಿ ಶ್ರೀವಿಲ್ಲಿಪುತ್ತೂರು-ಮೇಘಮಲೈ ಹುಲಿ ಸಂರಕ್ಷಿತ ಪ್ರದೇಶವಾಯಿತು. 2022ರ ಮಾರ್ಚ್‌ನಲ್ಲಿ ಮದ್ರಾಸ್ ಹೈಕೋರ್ಟು ಅಭಯಾರಣ್ಯ, ಹುಲಿ ಪ್ರದೇಶಗಳಲ್ಲಿ ದನ ಮೇಯಿಸುವುದನ್ನು ನಿಷೇಧಿಸಿತು. ಹುಲಿಯೂ ಬೇಕು, ದನವೂ ಬೇಕು. ಸುಲಭದ ಉತ್ತರವಿಲ್ಲ. ಪದದ ಕಥೆಯೂ ಹಾಗೆಯೇ. ಅಲ್ಲಿಯ ಮಕ್ಕಳಿಗೆ ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ತಮಿಳು. ಅಕ್ಷರದ ಆಸರೆಯಿಲ್ಲದೆ ಬರೀ ಬಾಯಿಂದ ಬಾಯಿಗೆ ಇಷ್ಟು ದೂರ ಬಂದ ಭಾಷೆ ಅದು.

ಗಡಿಯಾಚೆಯ ಕನ್ನಡ ಶಾಲೆಗಳವರಾದ ನಮಗೆ ಅಕ್ಷರವಾದರೂ ಇದೆ. 2006ರ ತಮಿಳು ಕಲಿಕೆ ಕಾಯ್ದೆ ಬಂದ ಮೇಲೆ ತಮಿಳುನಾಡಿನ ಭಾಷಾ ಅಲ್ಪಸಂಖ್ಯಾತ ಶಾಲೆಗಳವರು ವಿನಾಯಿತಿಗಾಗಿ ನ್ಯಾಯಾಲಯಕ್ಕೆ ಅಲೆದದ್ದು ನಮಗೆಲ್ಲ ಗೊತ್ತು. ರಾಜ್ಯದ ಭಾಷೆ ಕಲಿಯುವುದು ನಷ್ಟವಲ್ಲ. ಆಕೋಳ್, ತುರುಗೋಳ್ ಎರಡೂ ಒಂದೇ ಎಂದು ತಟ್ಟನೆ ಹೊಳೆಯುವುದು ಎರಡೂ ಭಾಷೆ ಬಲ್ಲ ಮಗುವಿಗೇ. ಆದರೆ ಒಂದನ್ನು ಕಲಿಯಲು ಇನ್ನೊಂದನ್ನು ಬಿಡಬೇಕಾದರೆ ಈ ಹೊಳಹು ಯಾರಿಗೂ ಸಿಗುವುದಿಲ್ಲ.

ಓಡಲು ಹೋಗುವವರಿಗೆ ಎರಡು ಮಾತು. ಬೆಳಕು ಹರಿದ ಮೇಲೆಯೇ ಹೊರಡಿ, ಕಾಡಂಚಿಗೆ ಒಬ್ಬರೇ ಹೋಗಬೇಡಿ. 2023ರ ಮೇ ತಿಂಗಳಲ್ಲಿ ಅರಿಕೊಂಬನ್ ಎಂಬ ಆನೆ ಕಂಬಂ ಪೇಟೆಯೊಳಗೇ ನುಗ್ಗಿತ್ತು. ಕಾಲುವೆಗೆ ಇಳಿಯಬೇಡಿ, ಸೆಳೆತ ಹೆಚ್ಚು.

ಗೂಡಲೂರಿಗೆ ಹೋಗಲಾಗದ ಶಾಲೆಗಳು ತಮ್ಮ ಊರಲ್ಲೇ ಇಂಥದೊಂದು ಹಾದಿ ಮಾಡಿಕೊಳ್ಳಬಹುದು. ಕೆರೆ ಏರಿ, ವೀರಗಲ್ಲು, ಹಳೆಯ ಗುಡಿ ಸೇರಿಸಿ ಮೂರು ಕಿ.ಮೀ. ಸಾಕು. ಓಡಿ ಬಂದ ಮಕ್ಕಳು ಅಜ್ಜ ಅಜ್ಜಿಯರನ್ನು ಕೇಳಿ ದನಕ್ಕೆ, ನೀರಿಗೆ, ಕಲ್ಲಿಗೆ ಸಂಬಂಧಿಸಿದ ಹತ್ತು ಹಳೆಯ ಪದಗಳನ್ನು ಬರೆದು ತರಲಿ. ಆ ಪಟ್ಟಿ ಶಾಲೆಯ ಗೋಡೆಯ ಮೇಲೆ ಇರಲಿ.