ಡೀಸೆಲ್ ಎಂಜಿನ್: ಇಂಧನ ಒತ್ತಡ ಕುಸಿದರೆ ಪಂಪ್ ಬದಲಿಸುವ ಮುನ್ನ

ಬೆಂಗಳೂರು: ಬಿಟಿಎಂ ಲೇಔಟ್‌ನ ಒಂದು ಭಾಗಕ್ಕೆ ಇಂದಿಗೂ ಮಿಕೊ ಲೇಔಟ್ ಎಂದೇ ಹೆಸರು. 1951ರಲ್ಲಿ ಸ್ಥಾಪನೆಯಾದ ಮೋಟಾರ್ ಇಂಡಸ್ಟ್ರೀಸ್ ಕಂಪನಿಯ ಸಂಕ್ಷಿಪ್ತ ನಾಮವೇ ಮಿಕೊ. ಸಮೀಪದ ಆಡುಗೋಡಿಯಲ್ಲಿದ್ದ ಅದರ ಕಾರ್ಖಾನೆಯು ದಶಕಗಳ ಕಾಲ ಡೀಸೆಲ್ ಪಂಪ್‌ಗಳನ್ನು ತಯಾರಿಸಿತು. 2008ರಲ್ಲಿ ಕಂಪನಿಯು ಬಾಷ್ ಲಿಮಿಟೆಡ್ ಎಂದು ಮರುನಾಮಕರಣಗೊಂಡಿತು.

ಹಳೆಯ ಯಾಂತ್ರಿಕ ಪಂಪ್‌ಗಳಲ್ಲಿ ಇಂಧನದ ಒತ್ತಡವು ಎಂಜಿನ್ ವೇಗವನ್ನು ಅವಲಂಬಿಸಿತ್ತು. 1997ರಲ್ಲಿ ಯುರೋಪಿನ ಕಾರುಗಳಿಗೆ ಬಂದ ಬಾಷ್‌ನ ಕಾಮನ್ ರೈಲ್ ವ್ಯವಸ್ಥೆಯು ಈ ನಂಟನ್ನು ಕಡಿಯಿತು.

ಕಾರ್ಯವಿಧಾನ

ಟರ್ಬೊಚಾರ್ಜರ್ ಸಿಲಿಂಡರ್‌ಗೆ ಹೆಚ್ಚು ಗಾಳಿಯನ್ನು ತುಂಬುವುದರಿಂದ ಹೆಚ್ಚು ಇಂಧನವನ್ನು ಸುಡಬಹುದು. ಆದರೆ ಆ ಇಂಧನವು ಸೂಕ್ಷ್ಮ ಹನಿಗಳಾಗಿ ಹರಡಲು ಭಾರಿ ಒತ್ತಡ ಬೇಕು. ಕಾರಿನ ಟಯರ್‌ನಲ್ಲಿರುವ ಗಾಳಿಯ ಒತ್ತಡ ಸುಮಾರು 2 ಬಾರ್. ಇಂಧನ ರೈಲಿನಲ್ಲಿ ಎಂಜಿನ್ ನಿಧಾನವಾಗಿ ತಿರುಗುವಾಗ ಸುಮಾರು 250ರಿಂದ 400 ಬಾರ್, ಪೂರ್ಣ ಹೊರೆಯಲ್ಲಿ 1,600 ಬಾರ್ ಅಥವಾ ಅದಕ್ಕೂ ಹೆಚ್ಚು ಒತ್ತಡವಿರುತ್ತದೆ.

ರೈಲಿನ ಸೆನ್ಸರ್ ನೀಡುವ ಮಾಹಿತಿಯನ್ನು ಎಂಜಿನ್‌ನ ಕಂಪ್ಯೂಟರ್ ನಿಗದಿತ ಒತ್ತಡದೊಂದಿಗೆ ಹೋಲಿಸುತ್ತದೆ. ಬಳಿಕ ಪಂಪ್‌ಗೆ ಹೋಗುವ ಇಂಧನವನ್ನು ಮೀಟರಿಂಗ್ ವಾಲ್ವ್ ಮೂಲಕ ಹೆಚ್ಚಿಸುತ್ತದೆ ಇಲ್ಲವೇ ತಗ್ಗಿಸುತ್ತದೆ.

ಲಕ್ಷಣಗಳು

ಸ್ಟಾರ್ಟ್ ಆಗಲು ವಿಳಂಬ, ಮೇಲ್ಸೇತುವೆ ಏರುವಾಗ ಶಕ್ತಿ ಕುಂದುವುದು, ಎಂಜಿನ್ ತಾನಾಗಿ ವೇಗ ಮಿತಿಗೊಳಿಸಿಕೊಳ್ಳುವುದು ಒತ್ತಡ ಕುಸಿದುದರ ಲಕ್ಷಣಗಳು. ಸ್ಕ್ಯಾನರ್‌ನಲ್ಲಿ ಪಿ 0087 ಎಂಬ ಸಂಕೇತ ಕಾಣಬಹುದು. ಇದು ಒತ್ತಡ ಕಡಿಮೆ ಎಂದಷ್ಟೇ ಹೇಳುತ್ತದೆ. ಪಂಪ್ ಕೆಟ್ಟಿದೆ ಎಂದಲ್ಲ. ಇದನ್ನು ತಪ್ಪಾಗಿ ಅರ್ಥೈಸಿ ದುಬಾರಿ ಪಂಪ್ ಬದಲಿಸಿದರೂ ದೋಷ ಹಾಗೆಯೇ ಉಳಿಯಬಹುದು.

ಪರಿಶೀಲನೆಯ ಕ್ರಮ

* ಮೊದಲು ಇಂಧನ ಫಿಲ್ಟರ್ ನೋಡಬೇಕು. ಅದು ಕಟ್ಟಿಕೊಂಡಿದ್ದರೆ ಬದಲಿಸಿ, ತಳದಲ್ಲಿ ಸೇರಿದ ನೀರನ್ನು ಹೊರಬಿಡಬೇಕು. ಕೊಳವೆಗಳಲ್ಲಿ ಗಾಳಿ ಸೇರಿದೆಯೇ ಎಂಬುದನ್ನೂ ಗಮನಿಸಬೇಕು.
* ಎಂಜಿನ್ ನಿಲ್ಲಿಸಿ ಬಹಳ ಹೊತ್ತಾದ ಬಳಿಕ ಸೆನ್ಸರ್ ಸೊನ್ನೆಯ ಸಮೀಪ ತೋರಿಸಬೇಕು. ಇಲ್ಲವಾದರೆ ಸೆನ್ಸರ್ ಅಥವಾ ಅದರ ವೈರಿಂಗ್ ಮೇಲೆ ಅನುಮಾನ ಪಡಬೇಕು.
* ಪ್ರತಿ ಇಂಜೆಕ್ಟರ್‌ನಿಂದ ಟ್ಯಾಂಕಿಗೆ ಹಿಂದಿರುಗುವ ಇಂಧನವನ್ನು ಅಳೆಯಬೇಕು. ಉಳಿದವುಗಳಿಗಿಂತ ಬಹಳ ಹೆಚ್ಚು ಹಿಂದಿರುಗಿಸುವ ಇಂಜೆಕ್ಟರ್ ಸವೆದಿರುವ ಸಾಧ್ಯತೆಯಿದೆ.
* ಮೀಟರಿಂಗ್ ವಾಲ್ವ್ ಹಾಗೂ ಒತ್ತಡ ನಿಯಂತ್ರಕ ವಾಲ್ವ್ ಪರೀಕ್ಷಿಸಿದ ಬಳಿಕವೇ ಪಂಪ್‌ನ ಸರದಿ.

ಫಿಲ್ಟರ್‌ನಲ್ಲಿ ಲೋಹದ ಪುಡಿ ಕಂಡರೆ ಪಂಪ್ ಒಳಗೆ ಸವೆಯುತ್ತಿದೆ ಎಂದರ್ಥ. ಆಗ ಪಂಪ್ ಒಂದನ್ನೇ ಬದಲಿಸಿದರೆ ಸಾಲದು. ಪುಡಿ ರೈಲು ಹಾಗೂ ಇಂಜೆಕ್ಟರ್‌ಗಳನ್ನೂ ತಲುಪಿರಬಹುದು.

ಮಾಲೀಕರ ಗಮನಕ್ಕೆ

ಹಲವು ಪಂಪ್‌ಗಳಿಗೆ ಡೀಸೆಲ್ಲೇ ಕೀಲೆಣ್ಣೆ. ಆದ್ದರಿಂದ ಟ್ಯಾಂಕ್ ಪೂರ್ಣ ಬರಿದಾಗಲು ಬಿಡಬಾರದು. ಸೀಮೆಎಣ್ಣೆ ಬೆರೆತ ಇಂಧನವನ್ನು ಬಳಸಲೇಬಾರದು.

ಎಲ್ಲಕ್ಕಿಂತ ಮುಖ್ಯವಾಗಿ, ಎಂಜಿನ್ ಓಡುತ್ತಿರುವಾಗ ಅಧಿಕ ಒತ್ತಡದ ಕೊಳವೆಯನ್ನು ಸಡಿಲಿಸಬಾರದು. ಸೋರಿಕೆಯನ್ನು ಬೆರಳಿನಿಂದ ಹುಡುಕಬಾರದು. ಸೂಜಿಯಂತೆ ಚಿಮ್ಮುವ ಡೀಸೆಲ್ ಚರ್ಮವನ್ನು ಭೇದಿಸಿ ಒಳಸೇರಬಲ್ಲದು. ಗಾಯ ಚಿಕ್ಕದಾಗಿ ಕಂಡರೂ ತಡಮಾಡದೆ ಆಸ್ಪತ್ರೆಗೆ ಧಾವಿಸಬೇಕು. ವಿಳಂಬವಾದರೆ ಬೆರಳನ್ನೇ ಕಳೆದುಕೊಳ್ಳುವ ಅಪಾಯವಿದೆ.